ಕ್ಯಾಪ್ಸೂಲಿನ ತಂಬುಳಿ

ಬ್ಯಾಕೋಡಿನ ವೇದಾವತಮ್ಮನ ಬೆರಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಮಾವಿನ ಮಿಡಿ ಇನ್ನೂ ಹುಟ್ಟಿಲ್ಲ ಎಂದು ಊರಿನಲ್ಲಿ ಒಂದು ಮಾತಿದೆ. ಅಪ್ಪೆಮಿಡಿ ರಾಶಿಯ ಮುಂದೆ ಕೂತು ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದರೆ ಮುಗಿಯಿತು. ಯಾವುದು ಗಟ್ಟಿ, ಯಾವುದು ಮರದಿಂದ ಬಿದ್ದು ಪೆಟ್ಟು ತಿಂದದ್ದು, ಯಾವುದು ಭರಣಿಯೊಳಗೆ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ ಎಂದು ಹೇಳಿಬಿಡುತ್ತಿದ್ದರು. ಅದಕ್ಕೆ ಕಣ್ಣು ಕೂಡ ಬೇಕಿರಲಿಲ್ಲ. ಊರಿನ ಹೆಂಗಸರ ಸ್ವಸಹಾಯ ಸಂಘ ಉಪ್ಪಿನಕಾಯಿ ಮಾರಿ ಹೆಸರು ಮಾಡಿದ್ದು ಆ ಎರಡು ಬೆರಳಿನಿಂದ ಎಂದರೆ ಉಳಿದವರಿಗೆ ಬೇಜಾರಾಗಬಹುದು, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಅಂಥ ಬೆರಳಿಗೆ ದೀಪಾವಳಿ ಕಳೆದ ಮೇಲೆ ಜೋಮು ಹಿಡಿಯಿತು. ಮೊದಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ಇಡೀ ದಿನ, ಅಂಗೈಗೂ ಕಾಲಿಗೂ ಹಬ್ಬಿತು. ಹೂ ಕಟ್ಟಲು ಕೂತರೆ ನೂಲು ಬೆರಳಿಗೆ ಸಿಕ್ಕಿತೋ ಇಲ್ಲವೋ ಗೊತ್ತಾಗದು. ಒಗ್ಗರಣೆ ಡಬ್ಬಿಯಲ್ಲಿ ಕೈ ಹಾಕಿದರೆ ಸಾಸಿವೆಯೋ ಜೀರಿಗೆಯೋ ತಿಳಿಯದು. ವೇದಾವತಮ್ಮನಿಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಆ ವರ್ಷವೇ ತೀರ್ಥಹಳ್ಳಿಯ ದೊಡ್ಡ ಅಂಗಡಿಯೊಂದು ಸಂಘದ ಮಿಡಿ ಉಪ್ಪಿನಕಾಯಿಯನ್ನು ಮೊದಲ ಬಾರಿಗೆ ಕೇಳಿತ್ತು. ಬೇಸಿಗೆಗೆ ಮಿಡಿ ಬರುತ್ತದೆ. ಮಿಡಿ ಬಂದಾಗ ಬೆರಳು ಇಲ್ಲದಿದ್ದರೆ?

"ವಯಸ್ಸಾತು, ಅಷ್ಟೇಯ. ಎಂತೂ ಆಗಿಲ್ಲೆ" ಎಂದು ಮನೆಯಲ್ಲಿ ಮುಚ್ಚಿಟ್ಟರು.

ಮುಚ್ಚಿಡಲು ಸೊಸೆ ಕವನಾ ಬಿಡಬೇಕಲ್ಲ. ಅತ್ತೆ ಲೋಟ ಕೈಜಾರಿ ಬೀಳಿಸಿದ್ದು ನೋಡಿದವಳೇ ಸಾಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಹಿನ್ನೀರಿಗೆ ಸೇತುವೆ ಆದ ಮೇಲೆ ಲಾಂಚು ಕಾಯುವ ನೆಪವೂ ಇರಲಿಲ್ಲ. ರಕ್ತ ಪರೀಕ್ಷೆ ಆಯಿತು. ಬಿ12 ಅನ್ನುವ ವಿಟಮಿನ್ ಕಡಿಮೆ ಇದೆ, ಮಾಂಸ ಮೊಟ್ಟೆ ತಿನ್ನದವರಲ್ಲಿ ಇದು ಮಾಮೂಲು ಎಂದರು ಡಾಕ್ಟರು.

"ಹೆದರ್ಬೇಡಿ ಅಮ್ಮ, ವಾಸಿ ಆಗುತ್ತೆ. ದಿನಾ ಒಂದು ಕ್ಯಾಪ್ಸೂಲು, ತಪ್ಪಿಸ್ಬೇಡಿ. ಅಸಡ್ಡೆ ಮಾಡಿದ್ರೆ ಮಾತ್ರ ನರಕ್ಕೆ ಆದ ಪೆಟ್ಟು ಹಾಗೇ ಉಳ್ಕೊಂಡುಬಿಡಬಹುದು."

ಕ್ಯಾಪ್ಸೂಲು ಕೊಟ್ಟವಳು ಬಸ್ ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಯ ಭವ್ಯಾ. ಮೇಳಿಗೆ ಕಡೆಯ ಹುಡುಗಿ, ಫಾರ್ಮಸಿ ಓದಿ ಅಂಗಡಿ ಇಟ್ಟವಳು. ಅವತ್ತು ಅಂಗಡಿ ತುಂಬ ಜನ. ದಿನಕ್ಕೆ ಒಂದು ಎಂದು ಡಬ್ಬಿಯ ಮೇಲೆ ಬರೆದು ಕೊಟ್ಟಳು, ಇವರು ಬಸ್ ಹತ್ತಿದರು.

ಸುಮಾರು ದಿನ ಎಲ್ಲ ನೆಟ್ಟಗಿತ್ತು. ವೇದಾವತಮ್ಮ ಬೆಳಗಿನ ತಿಂಡಿಯ ಮೇಲೆ ಕ್ಯಾಪ್ಸೂಲು ನುಂಗುವುದು, ಗಂಡ ಸುಂದರೇಶಯ್ಯ ಪೇಪರಿನಿಂದ ತಲೆ ಎತ್ತಿ "ನುಂಗಿ ಆತಾ?" ಎನ್ನುವುದು. ಸುಂದರೇಶಯ್ಯ ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ಆಮೇಲೆ ಅವರ ಕೆಲಸ ಎಂದರೆ ಕನ್ನಡಕ ಏರಿಸುವುದು, ಪೇಪರನ್ನು ಜಾಹೀರಾತೂ ಬಿಡದೆ ಓದುವುದು, ಕನ್ನಡಕ ಇಳಿಸುವುದು.

ಆಗ ಒಂದು ದಿನ ಸಂಘದ ಸರೋಜ ಬಂದಳು. ಮೆಣಸು ಆರಿಸುತ್ತ ಆರಿಸುತ್ತ ಮೊಬೈಲು ತೋರಿಸಿದಳು.

"ನೋಡ್ರೀ ವೇದಕ್ಕ, ಈ ಕ್ಯಾಪ್ಸೂಲಿನ ಸಿಪ್ಪೆ ಇದ್ಯಲ್ಲ, ಅದನ್ನ ದನದ ಮೂಳೆ, ಹಂದಿ ಚರ್ಮ ಬೇಯ್ಸಿ ಮಾಡ್ತಾರಂತೆ. ನಮ್ಗೇನೋ ಅಡ್ಡಿಲ್ಲ, ಎಲ್ಲ ತಿಂತೀವಿ. ನೀವು ಮೊಟ್ಟೆ ಸಹ ಮುಟ್ಟದವ್ರು, ಅದ್ಕೇ ಹೇಳ್ದೆ."

ವೇದಾವತಮ್ಮನ ಕೈಯ ಮೆಣಸು ಕೈಯಲ್ಲೇ ಉಳಿಯಿತು. ದಿನಾ ನೈವೇದ್ಯ ಮಾಡುವ ಕೈ. ದೇವರಿಗೆ ಇಟ್ಟು ಉಂಡ ಹೊಟ್ಟೆ. ಬಿಟ್ಟುಬಿಡೋಣ ಎಂದರೆ ಬೆರಳು. ನುಂಗೋಣ ಎಂದರೆ ವ್ರತ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ. ಮನೆಯವರನ್ನು ಕೇಳಿದ್ದರೆ ಅಲ್ಲಿಗೇ ಬಗೆಹರಿಯುತ್ತಿತ್ತು. ಆದರೆ ಹೇಳಿದರೆ ಕವನಾ ಮತ್ತೆ ಬಸ್ ಹತ್ತಿಸುತ್ತಾಳೆ, ಗಂಡ ನಗುತ್ತಾರೆ. ವೇದಾವತಮ್ಮ ಯಾರನ್ನೂ ಕೇಳದೆ ತಾವೇ ಒಂದು ದಾರಿ ಹುಡುಕಿದರು. ಕಡಲೆಕಾಯಿ ತಿನ್ನುವವರು ಸಿಪ್ಪೆ ತಿನ್ನುತ್ತಾರೆಯೇ? ಇದನ್ನೂ ಸುಲಿದರಾಯಿತು.

ಮರುದಿನ ಬೆಳಿಗ್ಗೆ ಕ್ಯಾಪ್ಸೂಲನ್ನು ಎರಡೂ ಕಡೆ ಹಿಡಿದು ಎಳೆದರು. ಪುಡಿ ಬಂತು. ಸಿಪ್ಪೆ ದಾಸವಾಳದ ಬುಡಕ್ಕೆ ಹೋಯಿತು. ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರೆ ಒಂದು ಥರಾ ಒಗರು, ಹಸಿ ಹಿಟ್ಟಿನ ವಾಸನೆ. ಅದನ್ನು ಸಾಗ ಹಾಕಲು ಮಲೆನಾಡಿನ ಹೆಂಗಸಿಗೆ ಏನು ಹೊಳೆಯಬೇಕೋ ಅದೇ ಹೊಳೆಯಿತು. ಅವತ್ತಿನ ಒಂದೆಲಗದ ತಂಬುಳಿಗೆ ಸುರುವಿ ಕಲಕಿಬಿಟ್ಟರು.

ತಮ್ಮ ಲೋಟಕ್ಕೆ ಮಾತ್ರ ಬೆರೆಸಿಕೊಳ್ಳಬಹುದಿತ್ತು. ಆದರೆ ಹಾಗೆ ಮಾಡಿದರೆ ಅದೆಂತದು ಎಂದು ಯಾರಾದರೂ ಕೇಳುತ್ತಾರೆ. ಅಲ್ಲದೆ ವಿಟಮಿನ್ ತಾನೆ, ಮನೆಯವರ ಹೊಟ್ಟೆಗೂ ಹೋದರೆ ಒಳ್ಳೆಯದೇ ಎಂದು ಅವರ ಲೆಕ್ಕ. ಹೀಗೆ ಒಬ್ಬರಿಗೆ ಬರೆದುಕೊಟ್ಟ ಔಷಧಿ ಮನೆಮಂದಿಗೆಲ್ಲ ಹಂಚಿಹೋಯಿತು. ಇವತ್ತು ಒಂದೆಲಗ, ನಾಳೆ ದಾಳಿಂಬೆ ಸಿಪ್ಪೆ, ನಾಡಿದ್ದು ಶುಂಠಿ. ತಂಬುಳಿ ಬದಲಾಗುತ್ತಿತ್ತು, ಒಳಗಿನ ಪುಡಿ ಅದೇ. ವೇದಾವತಮ್ಮನ ಪಾಲಿಗೆ ಬಂದದ್ದು ಎಷ್ಟೋ, ಪಾತ್ರೆಯ ತಳದಲ್ಲಿ ಉಳಿದದ್ದು ಎಷ್ಟೋ. ಬೆರಳಂತೂ ಮತ್ತಷ್ಟು ಮರಗಟ್ಟಿತು.

ಅದೇ ಹೊತ್ತಿಗೆ ಮೊಮ್ಮಗಳು ಧೃತಿಗೆ ಮೈಮೇಲೆ ದದ್ದು ಏಳತೊಡಗಿತು. ಈ ಮಗುವಿಗೆ ಸೋಯಾ ಆಗದು. ಹಿಂದೆ ಯಾರದೋ ಮನೆಯ ಊಟದಲ್ಲಿ ಸೋಯಾ ತಿಂದು ಮೈಯೆಲ್ಲ ಕೆಂಪಾಗಿ, ಡಾಕ್ಟರು ಅಲರ್ಜಿ ಎಂದಿದ್ದರು. ಅವತ್ತಿನಿಂದ ಕವನಾ ಸೋಯಾ ಇರುವ ಒಂದು ಬಿಸ್ಕತ್ತನ್ನೂ ಮನೆಯ ಹೊಸ್ತಿಲು ದಾಟಿಸಿದವಳಲ್ಲ. ಹಾಗಾಗಿ ಸೋಯಾದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಂಬಳಿಹುಳ ಇರಬೇಕು ಎಂದರು. ಹೊಸ ಸೋಪು ಇರಬೇಕು ಎಂದರು. ಸರೋಜ ಬಂದು ದೃಷ್ಟಿ ತೆಗೆದು ಹೋದಳು. ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮೈ ತಂಪಾಗ್ಲಿ ಕೂಸೆ, ಇನ್ನೊಂದು ಲೋಟ ತಂಬುಳಿ ಕುಡಿ" ಎಂದು ಕೈಯಾರೆ ಕುಡಿಸಿದರು.

ಒಂದು ಭಾನುವಾರ ಊಟವಾಗಿ ಸ್ವಲ್ಪ ಹೊತ್ತಿಗೆ ಧೃತಿಯ ತುಟಿ ಊದಿತು. "ಅಮ್ಮಾ, ಉಸಿರು ಕಟ್ತು" ಎಂದಳು ಹುಡುಗಿ. ಅವಳ ಅಪ್ಪ ಸಂದೇಶ್ ಕೈ ತೊಳೆಯದೆ ಕಾರು ತೆಗೆದ. ಮನೆಯವರೆಲ್ಲ ಹತ್ತಿದರು. ಸೇತುವೆ ದಾಟುವಾಗ ವೇದಾವತಮ್ಮ ಕಣ್ಣು ಮುಚ್ಚಿ ಮಗುವಿನ ಬೆನ್ನು ಸವರುತ್ತಿದ್ದರು. ಆ ಬೆನ್ನು ಏರಿಳಿಯುವುದು ಕೂಡ ಅವರ ಬೆರಳಿಗೆ ತಿಳಿಯುತ್ತಿರಲಿಲ್ಲ.

ಸಾಗರದ ಆಸ್ಪತ್ರೆಯಲ್ಲಿ ತಕ್ಷಣ ಇಂಜೆಕ್ಷನ್ ಕೊಟ್ಟರು. ಒಂದು ರಾತ್ರಿ ಇರಿಸಿಕೊಂಡು ನೋಡಿದರು. ಬೆಳಿಗ್ಗೆ ಮಗು ನಕ್ಕಿತು, ಇಡ್ಲಿ ಕೇಳಿತು. ಆದರೆ ಡಾಕ್ಟರು ಬಿಡಲಿಲ್ಲ. "ಇದು ಹೊಟ್ಟೆಗೆ ಹೋದದ್ದರಿಂದಲೇ ಆದದ್ದು. ಏನು ಅಂತ ಹುಡುಕಿ. ಮುಂದಿನ ಸಲ ಇಷ್ಟಕ್ಕೇ ನಿಲ್ಲುತ್ತೆ ಅಂತ ನಾನು ಹೇಳಲಾರೆ" ಎಂದರು.

ಔಷಧಿ ಕೊಳ್ಳಲು ಎಲ್ಲರೂ ಭವ್ಯಾಳ ಅಂಗಡಿಗೆ ಬಂದರು. ಅವತ್ತು ಅಂಗಡಿ ಖಾಲಿ ಇತ್ತು. ಚೀಟಿ ನೋಡಿದ ಭವ್ಯಾ ಸ್ಟೂಲು ಎಳೆದು ಎಲ್ಲರನ್ನೂ ಕೂರಿಸಿದಳು.

"ನಿನ್ನೆ ಪಾಪು ಏನೇನು ತಿಂದ್ಳು ಹೇಳಿ."

"ಅನ್ನ, ಸಾರು, ಬೀನ್ಸ್ ಪಲ್ಯ" ಎಂದಳು ಕವನಾ. "ಎಲ್ಲಾ ಮನೆದೇ. ಹಾಂ, ತಂಬುಳಿ."

"ತಂಬುಳಿಗೆ ಏನೇನು ಹಾಕಿದ್ರಿ?"

"ಅದು ಅತ್ತೆ ಮಾಡಿದ್ದು."

ಎಲ್ಲರೂ ವೇದಾವತಮ್ಮನ ಕಡೆ ನೋಡಿದರು. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ಶುಂಠಿ, ಜೀರಿಗೆ, ಕಾಯಿ, ಮಜ್ಜಿಗೆ" ಎಂದರು. ಆಮೇಲೆ ಮೆಲ್ಲಗೆ, "ಮತ್ತೆ... ಡಾಕ್ಟ್ರು ಎಂಗೆ ಕೊಟ್ಟ ಕ್ಯಾಪ್ಸೂಲಿನ ಪುಡಿ" ಎಂದರು.

ಕವನಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಂತ?" ಎಂದರು ಸುಂದರೇಶಯ್ಯ.

"ಸಿಪ್ಪೆ ಮೂಳೆದು ಹೇಳಿ ಸರೋಜ ಹೇಳಿತ್ತು. ಅದಕ್ಕೇ ಸುಲ್ದು ಪುಡಿ ಮಾತ್ರ ಹಾಕ್ದಿ. ವಿಟಮಿನ್ನು ಅಲ್ದಾ, ಎಲ್ಲರಿಗೂ ಒಳ್ಳೇದು ಹೇಳಿ ಮಾಡ್ದಿ."

ಸಂದೇಶನ ಮುಖ ಕೆಂಪಾಯಿತು. ಭವ್ಯಾ ಅವನಿಗೆ ಮಾತಾಡಲು ಎಡೆ ಕೊಡದೆ ಕಪಾಟಿನಿಂದ ಅದೇ ಡಬ್ಬಿ ತೆಗೆದು, ಹಿಂಬದಿ ತಿರುಗಿಸಿ, ಸುಂದರೇಶಯ್ಯನ ಕೈಗೆ ಕೊಟ್ಟಳು. "ಮೇಷ್ಟ್ರೇ, ಕನ್ನಡಕ ಇದೆಯಲ್ಲ. ಓದಿ."

ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಸುಂದರೇಶಯ್ಯ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ವಿಟಮಿನ್ ಬಿ12, ಇಷ್ಟು. ಆಮೇಲೆ ಇತರೆ ಪದಾರ್ಥಗಳು. ಪಿಷ್ಟ, ಬಣ್ಣ, ಜೆಲಾಟಿನ್ ಕವಚ. ಮುಂದಿನ ಪದಕ್ಕೆ ಬಂದು ಅವರ ದನಿ ಸಣ್ಣದಾಯಿತು. "ಸೋಯಾ ಇದ್ದು ಹೇಳಿ ಬರದ್ದ."

ವೇದಾವತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಎನ್ನ ಕೈಯಾರೆ ಕುಡಿಸ್ದಿ" ಎಂದು ಬಿಕ್ಕಿದರು. ಧೃತಿ ಹೋಗಿ ಅಜ್ಜಿಯ ಮಡಿಲಲ್ಲಿ ಕೂತಳು. ಸಂದೇಶನ ಸಿಟ್ಟು ಅಲ್ಲಿಗೆ ಇಳಿಯಿತು.

"ಅಳಬೇಡಿ ವೇದಮ್ಮ, ನನ್ನದೂ ತಪ್ಪಿದೆ" ಎಂದಳು ಭವ್ಯಾ. "ಅವತ್ತು ಗಡಿಬಿಡಿಯಲ್ಲಿ ನಾನು ನಿಮ್ಮನ್ನ ಕೇಳಲಿಲ್ಲ, ಹೇಳಲೂ ಇಲ್ಲ. ಈಗ ಹೇಳ್ತೀನಿ ಕೇಳಿ. ಸರೋಜಮ್ಮ ಹೇಳಿದ್ದು ಪೂರಾ ಸುಳ್ಳಲ್ಲ, ಪೂರಾ ನಿಜಾನೂ ಅಲ್ಲ. ಜೆಲಾಟಿನ್ ಅಂತ ಬರೆದಿದ್ರೆ ಆ ಸಿಪ್ಪೆ ಪ್ರಾಣಿ ಮೂಳೆ, ಚರ್ಮದಿಂದ ಬಂದದ್ದು. ಆದ್ರೆ ಎಲ್ಲಾ ಕ್ಯಾಪ್ಸೂಲೂ ಹಾಗಲ್ಲ. ಗಿಡದ ನಾರಿನಿಂದ ಮಾಡಿದ ಸಿಪ್ಪೆನೂ ಬರುತ್ತೆ. ಅದರ ಮೇಲೆ ಸೆಲ್ಯುಲೋಸ್ ಅಂತಲೋ ಎಚ್‌ಪಿಎಂಸಿ ಅಂತಲೋ ಇರುತ್ತೆ."

"ಅದನ್ನೆಲ್ಲ ಓದಲೆ ಎಂಗೆ ಬತ್ತಿಲ್ಲೆ" ಎಂದರು ವೇದಾವತಮ್ಮ.

"ಬೇಡ. ಪೂರಕ ವಿಟಮಿನ್ ಡಬ್ಬಿ ಮೇಲೆ ಗುರುತು ನೋಡಿ. ಹಸಿರು ಚೌಕದಲ್ಲಿ ಹಸಿರು ಚುಕ್ಕೆ ಇದ್ರೆ ಸಸ್ಯಾಹಾರ. ಕಂದು ಚೌಕದಲ್ಲಿ ಕಂದು ತ್ರಿಕೋನ ಇದ್ರೆ ಪ್ರಾಣಿಯಿಂದ ಬಂದದ್ದು ಏನೋ ಇದೆ ಅಂತ. ನಿಮ್ಮ ಉಪ್ಪಿನಕಾಯಿ ಬಾಟ್ಲಿ ಮೇಲೂ ಹಸಿರು ಚುಕ್ಕೆ ಇದೆಯಲ್ಲ, ಅದೇ. ಆದ್ರೆ ಡಾಕ್ಟರು ಕಾಯಿಲೆಗೆ ಬರೆಯೋ ಔಷಧಿ ಮೇಲೆ ಈ ಗುರುತು ಇಲ್ಲದೆನೂ ಇರಬಹುದು. ಆಗ ನನ್ನಂಥವರನ್ನ ಕೇಳಬೇಕು."

ಸುಂದರೇಶಯ್ಯನಿಗೆ ಬೇರೆಯೇ ಒಂದು ಅನುಮಾನ. "ಅಲ್ಲ ತಂಗಿ, ವಿಟಮಿನ್ ಒಂದು ಸಾಕಲ್ದಾ? ಈ ಇತರೆ ಎಂತಕ್ಕೆ ತುಂಬ್ತ?"

"ಬಿ12 ದಿನಕ್ಕೆ ಬೇಕಾಗೋದು ಕಣ್ಣಿಗೆ ಕಾಣದಷ್ಟು ಮೇಷ್ಟ್ರೇ. ಅಷ್ಟನ್ನೇ ಕೈಗೆ ಕೊಟ್ರೆ ನೀವು ಹಿಡಿಯೋದು ಹೇಗೆ? ಅದಕ್ಕೆ ಪಿಷ್ಟನೋ ಹಾಲಿನ ಸಕ್ಕರೆನೋ ಸೇರಿಸಿ ಗಾತ್ರ ಮಾಡ್ತಾರೆ. ಅಂಟಿಕೊಳ್ಳದ ಹಾಗೆ ಒಂದು, ಚಂದ ಕಾಣೋದಕ್ಕೆ ಬಣ್ಣ ಒಂದು. ಇವಕ್ಕೆ ನಿಷ್ಕ್ರಿಯ ಪದಾರ್ಥ ಅಂತಾರೆ. ಅಂದ್ರೆ ಕಾಯಿಲೆ ವಾಸಿ ಮಾಡೋ ಕೆಲಸ ಇವು ಮಾಡೋದಿಲ್ಲ, ಜೊತೆಗೆ ಸುಮ್ಮನೆ ಕೂತಿರ್ತವೆ."

ವೇದಾವತಮ್ಮ ಕಣ್ಣೀರಿನ ನಡುವೆಯೇ ಗಂಡನ ಕಡೆ ನೋಡಿದರು. "ಎಂಗಳ ಮನೇಲೂ ಒಂದು ಇದ್ದು" ಎಂದರು.

ಕವನಾ ತುಟಿ ಕಚ್ಚಿದಳು. ಸಂದೇಶ್ ಬಾಗಿಲ ಕಡೆ ತಿರುಗಿದ. ಕೊನೆಗೆ ಸುಂದರೇಶಯ್ಯನೇ ನಕ್ಕದ್ದರಿಂದ ಎಲ್ಲರೂ ನಕ್ಕರು.

"ಆದ್ರೆ ಸುಮ್ಮನೆ ಕೂತದ್ದು ಅಂತ ಕಡೆಗಣಿಸೋ ಹಾಗಿಲ್ಲ" ಎಂದಳು ಭವ್ಯಾ, ನಗು ನಿಲ್ಲಿಸಿ. "ಬಹಳ ಜನಕ್ಕೆ ಇವು ಏನೂ ಮಾಡೋದಿಲ್ಲ. ಅಲರ್ಜಿ ಇದ್ದವರಿಗೆ ಚಿಟಿಕೆಯಷ್ಟೇ ಸಾಕು. ಒಬ್ಬರಿಗೆ ಸೋಯಾ, ಇನ್ನೊಬ್ಬರಿಗೆ ಗೋಧಿ, ಮತ್ತೊಬ್ಬರಿಗೆ ಹಾಲಿನ ಸಕ್ಕರೆ. ಇನ್ನೊಂದು ಮಾತು. ಸಿಪ್ಪೆ ಇರೋದು ಚಂದಕ್ಕಲ್ಲ. ಕೆಲವು ಔಷಧಿ ಹೊಟ್ಟೆಯ ಹುಳಿ ದಾಟಿ ಕರುಳಿಗೆ ಹೋದ ಮೇಲೆ ಕರಗಬೇಕು, ಕೆಲವು ನಿಧಾನವಾಗಿ ಕರಗಬೇಕು. ಕೇಳದೆ ಸುಲಿದ್ರೆ ಒಂದೋ ಕೆಲಸ ಕೆಡುತ್ತೆ, ಇಲ್ಲ ಒಮ್ಮೆಗೇ ಜಾಸ್ತಿ ಆಗುತ್ತೆ. ಇನ್ನು ನಿಮ್ಮ ಪಾಲಿನದನ್ನ ಮನೆಯವರಿಗೆ ಹಂಚಿದ್ರೆ ಬೆರಳು ಹೇಗೆ ಸರಿ ಹೋಗಬೇಕು ಹೇಳಿ?"

ವೇದಾವತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಮನಸ್ಸಿನಲ್ಲಿ ಕೊರೆಯುತ್ತಿದ್ದ ಕೊನೆಯ ಪ್ರಶ್ನೆ ಕೇಳಿದರು. "ಸಿಪ್ಪೆ ಗಿಡದ್ದೇ ಆಗ್ಲಿ. ಒಳಗಿನ ಬಿ12 ಮಾಂಸದ್ದು ಅಲ್ದಾ?"

"ಅಲ್ಲ. ಮಾತ್ರೆಗೆ ಹಾಕೋ ಬಿ12ನ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಬೆಳೆಸಿ ತಯಾರಿಸ್ತಾರೆ. ನಿಮ್ಮ ದೋಸೆ ಹಿಟ್ಟು ರಾತ್ರಿ ಹುಳಿ ಬರುತ್ತಲ್ಲ, ಹೆಚ್ಚೂಕಡಿಮೆ ಅಂಥದೇ ಕೆಲಸ."

"ದೋಸೆ ಹಿಟ್ಟಿನ ಹಾಂಗೆ ಆದ್ರೆ ಅಡ್ಡಿಲ್ಲೆ" ಎಂದರು ವೇದಾವತಮ್ಮ. ಬಹಳ ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಿತ್ತು ಆ ದನಿ.

ಭವ್ಯಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಒಪ್ಪಿದ ಮೇಲೆ ಬೇರೆ ಡಬ್ಬಿ ತೆಗೆದಳು. ಹಸಿರು ಚುಕ್ಕೆ, ಗಿಡದ ಸಿಪ್ಪೆ, ಸೋಯಾ ಇಲ್ಲ. ಸುಂದರೇಶಯ್ಯ ಅದನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ, ಆಮೇಲೆಯೇ ಚೀಲಕ್ಕೆ ಹಾಕಲು ಬಿಟ್ಟರು. ಅಷ್ಟರಲ್ಲಿ ಬಂದು ಕಾಯುತ್ತಿದ್ದ ಗಿರಾಕಿಯೊಬ್ಬರು, "ಮೇಷ್ಟ್ರೇ, ಹಾಗೇ ನಂದೂ ಒಂಚೂರು ನೋಡಿ" ಎಂದು ತಮ್ಮ ಡಬ್ಬಿ ಚಾಚಿದರು.

ಅವತ್ತಿನಿಂದ ತಂಬುಳಿ ಬರೀ ತಂಬುಳಿಯಾಯಿತು. ಧೃತಿಯ ಮೈಮೇಲೆ ಮತ್ತೆ ದದ್ದು ಏಳಲಿಲ್ಲ. ವೇದಾವತಮ್ಮ ದಿನಾ ತಿಂಡಿಯ ಮೇಲೆ ಕ್ಯಾಪ್ಸೂಲನ್ನು ಇಡಿಯಾಗಿ ನುಂಗಿದರು, ಡಾಕ್ಟರು ಕರೆದಾಗಲೆಲ್ಲ ಸಾಗರಕ್ಕೆ ಹೋಗಿ ರಕ್ತ ತೋರಿಸಿದರು. ಜೋಮು ಒಮ್ಮೆಗೇ ಹೋಗಲಿಲ್ಲ. ಮೊದಲು ಕಾಲಿನದು ಹೋಯಿತು. ಆಮೇಲೆ ಅಂಗೈ. ಬೆರಳ ತುದಿ ಮಾತ್ರ ಹಟ ಹಿಡಿದು ಕೂತಿತು.

ಮಾರ್ಚಿಗೆ ಮಿಡಿ ಬಂತು. ಹೊಸನಗರದ ಕಡೆಯ ಹೊಳೆದಂಡೆಯ ಮರದ್ದು, ಚೀಲ ಬಿಚ್ಚಿದರೆ ಸೊನೆಯ ಘಾಟು ಬೀದಿಗೆಲ್ಲ. ಸಂಘದ ಹೆಂಗಸರು ಚಾಪೆ ಹಾಸಿ ರಾಶಿ ಸುರಿದರು. ಎಲ್ಲರ ಕಣ್ಣೂ ವೇದಾವತಮ್ಮನ ಕೈಯ ಮೇಲೆ, ಆದರೆ ಯಾರೂ ನೋಡುತ್ತಿಲ್ಲವೆಂಬ ನಟನೆ. ತೀರ್ಥಹಳ್ಳಿಯ ಅಂಗಡಿಗೆ ಹೋಗುವ ಭರಣಿ ಇದೇ.

ವೇದಾವತಮ್ಮ ಕೂತರು. ಒಂದು ಮಿಡಿ ಹಿಡಿದರು. ತಣ್ಣಗಿತ್ತು. ತಣ್ಣಗಿದೆ ಎಂದು ಬೆರಳಿಗೆ ಗೊತ್ತಾಯಿತು ಎನ್ನುವುದೇ ಅವರಿಗೆ ಒಂದು ಗಳಿಗೆ ನಂಬಿಕೆಯಾಗಲಿಲ್ಲ. ತೊಟ್ಟಿನ ಹತ್ತಿರದ ತರಿ, ಹೊಟ್ಟೆಯ ನುಣುಪು, ಒಳಗಿನ ಗಟ್ಟಿತನ. ಕಣ್ಣು ಮುಚ್ಚಿದರು. ಇದು ಭರಣಿಗೆ. ಇದೂ ಭರಣಿಗೆ. ಮುಂದಿನದನ್ನು ಒತ್ತಿದವರೇ ಆಚೆ ಎಸೆದರು.

"ಅದೆಂತಕ್ಕೆ ಬಿಸಾಕಿದ್ರಿ? ಎಷ್ಟು ಚಂದ ಇದೆ" ಎಂದು ಸರೋಜ ಹೆಕ್ಕಿದಳು.

"ಕತ್ತರಿಸಿ ನೋಡೆ."

ಸರೋಜ ಚಾಕು ಹಾಕಿದಳು. ಹೊರಗೆ ಪಚ್ಚೆ ಕಲ್ಲಿನಂತಿದ್ದ ಮಿಡಿಯ ಒಳಗೆ ಕಪ್ಪು ಪೆಟ್ಟು ಇತ್ತು. ಚಾಪೆಯ ಸುತ್ತ ಹೆಂಗಸರ ನಗು ಎದ್ದಿತು. ವೇದಾವತಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಬೆರಳು ಬಂತು ಮಾರಾಯ್ತಿ" ಎಂದರು. ಅಷ್ಟು ಸಂತೋಷ ಅವರಿಗೆ ಮಗ ಹುಟ್ಟಿದಾಗ ಆಗಿತ್ತಂತೆ, ಆಮೇಲೆ ಅವತ್ತೇ.

ತೀರ್ಥಹಳ್ಳಿಗೆ ಹೋದ ಭರಣಿಯಲ್ಲಿ ಒಂದು ಮಿಡಿಯೂ ಕೆಡಲಿಲ್ಲ. ಅಂಗಡಿಯವರು ಮರುವರ್ಷಕ್ಕೂ ಈಗಲೇ ಹೇಳಿಟ್ಟಿದ್ದಾರೆ. ಬಾಟಲಿಯ ಮೇಲೆ ಒಳಗಿರುವುದನ್ನೆಲ್ಲ, ಇಂಗು ಸಹಿತ, ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದು ವೇದಾವತಮ್ಮನ ಹಟ. ಇನ್ನು ಸುಂದರೇಶಯ್ಯ. ಸಂಘದ ಸಭೆಯ ದಿನ ಜಗಲಿಯಲ್ಲಿ ಅವರಿಗೊಂದು ಕುರ್ಚಿ. ಊರಿನವರು ತಮ್ಮ ತಮ್ಮ ಮನೆಯ ವಿಟಮಿನ್ ಡಬ್ಬಿ, ಪ್ರೋಟೀನ್ ಪುಡಿ ತಂದು ಸಾಲಾಗಿ ನಿಲ್ಲುತ್ತಾರೆ. ಅವರು ಓದಿ ಹೇಳುತ್ತಾರೆ, ತಿಳಿಯದಿದ್ದರೆ ಭವ್ಯಾಳಿಗೆ ಫೋನ್ ಮಾಡುತ್ತಾರೆ. ನಿಷ್ಕ್ರಿಯ ಪದಾರ್ಥ ಎಂದು ಹೆಂಡತಿ ಈಗ ಕರೆಯುವ ಹಾಗಿಲ್ಲ.

ಕೇಳಿದಿರಲ್ಲ. ಈಗ ಎದ್ದು ಹೋಗಿ ನಿಮ್ಮ ಮನೆಯ ಗೂಡಿನಲ್ಲಿರುವ ಡಬ್ಬಿಯ ಬೆನ್ನು ತಿರುಗಿಸಿ. ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ನೋಡಿ, ಇತರೆ ಪದಾರ್ಥಗಳು ಎಂದಿರುವ ಸಾಲನ್ನು ಪೂರ್ತಿ ಓದಿ. ಮನೆಯಲ್ಲಿ ಯಾರಿಗೆ ಏನು ಆಗದು, ನೀವು ಏನು ತಿನ್ನುವುದಿಲ್ಲ ಎನ್ನುವುದನ್ನು ಡಾಕ್ಟರಿಗೂ ಔಷಧಿ ಅಂಗಡಿಯವರಿಗೂ ಬಾಯಿಬಿಟ್ಟು ಹೇಳಿ, ಅದರಲ್ಲಿ ನಾಚಿಕೆ ಇಲ್ಲ. ಮನಸ್ಸಿಗೆ ಒಗ್ಗದಿದ್ದರೆ ಬೇರೆ ಕೇಳಿ, ಸಿಗುತ್ತದೆ. ಕೇಳದೆ ಬಿಡಬೇಡಿ, ಕೇಳದೆ ಸುಲಿಯಬೇಡಿ, ಒಬ್ಬರದ್ದನ್ನು ಇನ್ನೊಬ್ಬರಿಗೆ ಹಂಚಬೇಡಿ. ತುಟಿ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ. ಅಕ್ಷರ ಸಣ್ಣದು, ಕಾಣುವುದಿಲ್ಲ ಎನ್ನುತ್ತೀರಾ? ಕನ್ನಡಕ ಏರಿಸಿಕೊಂಡು ಸುಮ್ಮನೆ ಕೂತವರೊಬ್ಬರು ನಿಮ್ಮ ಮನೆಯಲ್ಲೂ ಇದ್ದಾರು. ಡಬ್ಬಿ ಅವರ ಕೈಗೆ ಕೊಡಿ.